ಮದ್ದು ಸೊಪ್ಪು, ಕಿತ್ತಳೆ ತಿಂದ್ರೆ ಕಣ್ಣಿಗೆ ಪೊರೆ ಬರಲ್ವಾ?

ಪ್ರಶ್ನೆ: ಸಾರ್, ನಮ್ಮ ಕೊಡಗಲ್ಲಿ ಕಕ್ಕಡ ತಿಂಗಳ ಹದಿನೆಂಟಕ್ಕೆ ಮಾಡೋ ಮದ್ದು ಸೊಪ್ಪಿನ ಪಾಯಸ, ಆಮೇಲೆ ನಮ್ಮ ಕಿತ್ತಳೆ, ಇವುಗಳಲ್ಲಿ ಫ್ಲೇವನಾಯ್ಡ್ (ಗಿಡಗಳಲ್ಲಿರೋ ಒಂದು ಬಗೆ ರಾಸಾಯನಿಕ) ಇರೋದ್ರಿಂದ ಪೊರೆ ಬರಲ್ವಂತೆ, ಹೌದಾ? ಅವ್ವಂಗೆ ಆಗ್ಲೇ ಪೊರೆ ಶುರುವಾಗಿದೆ, ದಿನಾ ಕಣ್ಣಿಗೆ ಕಾಡುಜೇನು ಬಿಡ್ತಾ ಇದೀವಿ.

ಕಕ್ಕಡ ಹದಿನೆಂಟು, ಅಂದ್ರೆ ಆಗಸ್ಟ್ 3 ಹತ್ರ ಬಂತು ಅಂದ್ರೆ ಈ ಪ್ರಶ್ನೆ ಬಂದೇ ಬರತ್ತೆ, ಮತ್ತೆ ಹೇಳ್ತೀನಿ. ಫ್ಲೇವನಾಯ್ಡ್ ಇರೋದು ನಿಜ. ಕಿತ್ತಳೇಲಿ ಹೆಸ್ಪೆರಿಡಿನ್, ಈರುಳ್ಳೀಲಿ ಕ್ವೆರ್ಸೆಟಿನ್. ಶುಗರ್ ಇದ್ದಾಗ ಕಣ್ಣಿನ ಲೆನ್ಸ್ ಒಳಗೆ ಸಾರ್ಬಿಟಾಲ್ ಅನ್ನೋ ಸಕ್ಕರೆಯಂಥ ವಸ್ತು ಸೇರ್ಕೊಂಡು ನೀರೆಳೆದು ಊದತ್ತೆ, ಆ ಸಾರ್ಬಿಟಾಲ್ ಮಾಡೋ ಎಂಜೈಮನ್ನ ಕೆಲವು ಫ್ಲೇವನಾಯ್ಡ್‌ಗಳು ತಡೀತವೆ. 1977ರಲ್ಲೇ ಡೇಗು ಅನ್ನೋ ದಂಶಕ ಪ್ರಾಣೀಲಿ ಹೀಗೆ ಪೊರೆ ತಡವಾಗಿದ್ದನ್ನ ತೋರಿಸಿದಾರೆ. ಆದ್ರೆ ನಾವು ತಿಂದಿದ್ದನ್ನ ಕರುಳು, ಲಿವರ್ ಬದಲಾಯಿಸಿಬಿಡತ್ತೆ, ಲೆನ್ಸಿಗೆ ರಕ್ತನಾಳಾನೇ ಇಲ್ಲ, ಮನುಷ್ಯರಲ್ಲಿ ಪೊರೆ ತಡೆಯತ್ತೆ ಅಂತ ಸಾಬೀತಾಗಿಲ್ಲ. ಪಾಯಸ ಖುಷಿಯಾಗಿ ತಿನ್ನಿ, ಪೊರೆ ಮದ್ದು ಅಂತ ನಂಬ್ಕೊಂಡು ತಿನ್ಬೇಡಿ.

ಈಗ ಜೇನು. ದಯವಿಟ್ಟು ಇವತ್ತೇ ನಿಲ್ಸಿ.

ಎಷ್ಟು ಸಲ ಹೇಳಿದ್ರೂ ಪೊರೆ ಅಂದ್ರೆ ಕಣ್ಣಿನ ಮೇಲೆ ಬೆಳೆಯೋ ಸಿಪ್ಪೆ ಅಂತಾನೇ ಎಲ್ರೂ ಅಂದ್ಕೊಂಡಿದಾರೆ. ಅದು ಮೇಲಿಲ್ಲ, ಪಾಪೆಯ ಹಿಂದೆ ಇರೋ ಲೆನ್ಸೇ ಮಬ್ಬಾಗೋದು. ಅದರೊಳಗಿನ ಕ್ರಿಸ್ಟಲಿನ್ ಅನ್ನೋ ಪ್ರೋಟೀನು, ಮೊಟ್ಟೆ ಬೇಯಿಸಿದಾಗ ಲೋಳೆ ಬಿಳಿ ಆಗತ್ತಲ್ಲ ಹಂಗೆ, ಗಂಟುಕಟ್ಕೊಂಡಿರತ್ತೆ. ಜೇನು ಬಿಟ್ರೆ ಅದು ಕರಗಲ್ಲ. ಬಿಟ್ಟ ತಕ್ಷಣ ಉರಿ ಬಂದು ನೀರು ಸುರಿದು ಕಣ್ಣು ತೊಳೆದಂಗಾಗತ್ತೆ, ಸ್ವಲ್ಪ ಹೊತ್ತು ತಿಳಿಯಾದಂಗೆ ಅನ್ಸತ್ತೆ, ಅಷ್ಟೇ. "ಇಲ್ಲ ಸಾರ್, ನಮ್ಮಜ್ಜ ಜೇನು ಬಿಟ್ಟು ಕನ್ನಡಕ ಇಲ್ದೆ ಪೇಪರ್ ಓದ್ತಾರೆ" ಅಂತ ವಾದ ಮಾಡ್ತೀರಿ. ಓದ್ತಾರೆ, ಯಾಕಂದ್ರೆ ಲೆನ್ಸಿನ ನಡುಭಾಗ ಗಟ್ಟಿಯಾಗ್ತಾ ಪವರ್ ಮೈನಸ್ ಕಡೆ ಹೋಗಿ ಹತ್ತಿರದ್ದು ಚೆನ್ನಾಗಿ ಕಾಣತ್ತೆ. ಅದು ಪೊರೆ ಬಲೀತಿರೋ ಲಕ್ಷಣ, ಅಜ್ಜಂಗೆ ಗೇಟ್ ಹತ್ರ ನಿಂತಿರೋದು ಯಾರು ಅಂತ ಕೇಳಿ ನೋಡಿ, ಗೊತ್ತಾಗತ್ತೆ. ಹಸಿ ಜೇನಲ್ಲಿ ಪರಾಗ, ಮೇಣ, ಸೂಕ್ಷ್ಮಾಣು ಇರತ್ತೆ, ಕಾರ್ನಿಯಾಗೆ (ಕಣ್ಣಿನ ಮುಂದಿರೋ ಪಾರದರ್ಶಕ ಪದರಕ್ಕೆ) ಸೋಂಕಾಗಿ ಹುಣ್ಣಾದ್ರೆ ಕಲೆ ಉಳ್ಕೊಳತ್ತೆ, ಆಗ ಪೊರೆ ತೆಗೆಸಿದ್ರೂ ದೃಷ್ಟಿ ಸರಿಯಾಗಿ ಬರ್ದೇ ಹೋಗ್ಬಹುದು.

ಇನ್ನು ಪೊರೆ ಪೂರ್ತಿ ಹಣ್ಣಾಗೋವರೆಗೂ ಕಾಯ್ಬೇಕು ಅನ್ನೋದು ಹಳೇ ಮಾತು. ಈಗ ಅಲ್ಟ್ರಾಸೌಂಡಿಂದ ಲೆನ್ಸ್ ಒಡೆದು ಹೀರಿ ತೆಗೀತಾರೆ, ಕಲ್ಲಾದಷ್ಟೂ ಒಡೆಯೋದು ಕಷ್ಟ. ತೋಟದ ಕೆಲಸಕ್ಕೆ, ಓಡಾಟಕ್ಕೆ ತೊಂದ್ರೆ ಆಯ್ತು ಅಂದ್ರೆ ಡಾಕ್ಟರ್ ಹತ್ರ ಮಾತಾಡಿ.

ಯಾರೂ ಕೇಳದೇ ಇದ್ರೂ ಒಂದು ಹೇಳ್ತೀನಿ. ಮನೇಲಿ ಅಜ್ಜ, ಅಪ್ಪ ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಮಾತ್ರೆ ತಗೊಳ್ತಿದ್ರೆ ಆಪರೇಷನ್‌ಗೆ ಮೊದಲೇ ಕಣ್ಣಿನ ಡಾಕ್ಟರಿಗೆ ಹೇಳಿ. ಆ ಮಾತ್ರೆಯಿಂದ ಪಾಪೆ ಆಪರೇಷನ್ ಮಧ್ಯದಲ್ಲೇ ಚಿಕ್ಕದಾಗ್ಬಹುದು. ಹಿಂದೆ ಯಾವಾಗಲೋ ತಗೊಂಡು ಬಿಟ್ಟಿದ್ರೂ ಹೇಳಿ, ಬಿಟ್ಟ ಮೇಲೂ ಅದರ ಎಫೆಕ್ಟ್ ಉಳಿದಿರಬಹುದು.