ಅಟ್ಟ ಸೇರಿದ ಕೋವಿಗೆ ಕಾನೂನಿನ ಆಸರೆ ಇಲ್ಲ

ಮಡಿಕೇರಿಯ ನನ್ನ ವಕೀಲಿ ಕಚೇರಿಗೆ ಬರುವವರು ಈಗೀಗ ಕೇಳುವುದು ಒಂದೇ ಪ್ರಶ್ನೆ. "2029 ಆದ ಮೇಲೆ ಸರ್ಕಾರ ಕೋವಿ ಕಿತ್ಕೊಳ್ಳುತ್ತಂತೆ, ಹೌದಾ ಸಾರ್?"

ಆ ಹೆದರಿಕೆಗೆ ಕಾರಣವೇ ಇಲ್ಲ ಎನ್ನಲಾರೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ (ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಇರುವವರಿಗೂ) ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು. 2029ರ ಅಕ್ಟೋಬರ್ 31ಕ್ಕೆ ಆ ಅವಧಿ ಮುಗಿಯುತ್ತದೆ. 2021ರಲ್ಲಿ ಹೈಕೋರ್ಟ್ ಈ ವಿನಾಯಿತಿಯನ್ನು ಎತ್ತಿಹಿಡಿದಿದೆ. ಆದರೆ ಇದಕ್ಕೆ ಅವಧಿ ಇದೆ, ಷರತ್ತುಗಳಿವೆ ಎಂಬುದನ್ನೂ ಗಮನಿಸಿದೆ. ಮುಂದೇನು ಎಂದು ಯಾವ ವಕೀಲನೂ ಬರೆದುಕೊಡಲಾರ.

ಹೆದರಲಿ, ತಪ್ಪಿಲ್ಲ. ನಮ್ಮ ಆಯುಧಪೂಜೆಯಾದ ಕೈಲ್‌ಪೊಳ್ದ್ ದಿನ ತೋಕ್ ಪೂ (ಕೋವಿ ಹೂ) ಇಟ್ಟು ಪೂಜಿಸುವ ಕೋವಿ ಹೋಗಿಬಿಟ್ಟರೆ ಎಂಬ ಸಂಕಟ ನನಗೂ ಗೊತ್ತು. ಹೆದರಿ ಮಾಡುವ ಕೆಲಸ ನೋಡಿದರೆ ಮಾತ್ರ ಸಿಟ್ಟು ಬರುತ್ತದೆ. "ಪಟ್ಟಿಯಲ್ಲಿ ಇದ್ರೆ ತಾನೇ ಹುಡುಕಿಕೊಂಡು ಬರೋದು?" ಎಂದು, ತೀರಿಹೋದ ಅಪ್ಪನ ಕೋವಿಯನ್ನು ಸುಮ್ನೆ ಅಟ್ಟಕ್ಕೆ ಸೇರಿಸುತ್ತಾರೆ.

ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದ ವಿಷಯ ಇದು. ಲೈಸೆನ್ಸ್ ಕೊಟ್ಟಿರುವುದು ಮನುಷ್ಯನಿಗೆ. ಅವರು ತೀರಿಕೊಂಡರೆ ಆ ಲೈಸೆನ್ಸ್ ಮನೆಯಲ್ಲಿ ಬೇರೆ ಯಾರಿಗೂ ನಡೆಯುವುದಿಲ್ಲ. ಕೋವಿಯ ಮಾಲೀಕತ್ವ ವಾರಸುದಾರರಿಗೆ ಬರಬಹುದು. ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ತಾನಾಗಿ ಬರುವುದಿಲ್ಲ. ತಡ ಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಜಮಾ ಮಾಡಿ ರಸೀದಿ ಪಡೆಯಬೇಕು. ಆಮೇಲೆ ನಿಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಜಮಾ ಮಾಡಿದ ಕೋವಿ ಆಗಲೂ ನಿಮ್ಮದೇ. ಲೈಸೆನ್ಸ್ ಸಿಕ್ಕರೆ ವಾಪಸ್ ಬರುತ್ತದೆ, ಬೇಡವೆಂದರೆ ಕಾನೂನು ಪ್ರಕಾರ ಮಾರಬಹುದು. ವರ್ಷಗಟ್ಟಲೆ ಆ ಕಡೆ ತಲೆಹಾಕದಿದ್ದರೆ ಮಾತ್ರ ಸರ್ಕಾರಕ್ಕೆ ಹೋಗಬಹುದು. ವಿನಾಯಿತಿ ಇರುವವರೂ ಅಪ್ಪನ ಹೆಸರಿನ ಕಾಗದ ನಂಬಿ ಕೂರಬೇಡಿ. ಡಿಸಿ ಕಚೇರಿಯಲ್ಲಿ ನಿಮ್ಮ ಹೆಸರಿಗೆ ವಿನಾಯಿತಿ ಪತ್ರ ಮಾಡಿಸಿ.

ಶಸ್ತ್ರಾಸ್ತ್ರ ಕಾಯ್ದೆಗೆ ಬಂದ 2019ರ ತಿದ್ದುಪಡಿ ನೆನಪಿದೆ ಅಲ್ವಾ? ಒಬ್ಬರಿಗೆ ಮೂರು ಕೋವಿ ಇದ್ದದ್ದು ಎರಡಕ್ಕೆ ಇಳಿಯಿತು. ಮೊದಲು ಒಂದಕ್ಕೇ ಇಳಿಸುವ ಪ್ರಸ್ತಾಪವಿತ್ತು, ವಿರೋಧ ಬಂದ ಮೇಲೆ ಎರಡಾಯಿತು. ಆಗಲೂ ಪೊಲೀಸರು ಮನೆ ಬಾಗಿಲು ತಟ್ಟಲಿಲ್ಲ. ಮೂರನೆಯದನ್ನು ಜಮಾ ಮಾಡಲು ಒಂದು ವರ್ಷ ಕೊಟ್ಟರು. ಆ ಅವಕಾಶ ದಾಖಲೆ ಇದ್ದ ಕೋವಿಗೆ. ದಾಖಲೆ ಇಲ್ಲದ ಕೋವಿ ಮುಂದೆಂದೋ ಬರುವ ಕಾನೂನಿಗೆ ಕಾಯಬೇಕಿಲ್ಲ, ಇವತ್ತೇ ಅಪರಾಧ. ಅದೇ ತಿದ್ದುಪಡಿ ಅದಕ್ಕೆ ಕನಿಷ್ಠ ಎರಡು, ಗರಿಷ್ಠ ಐದು ವರ್ಷ ಜೈಲು ಎಂದಿದೆ.

ಸೋಮವಾರಪೇಟೆ ಕಡೆಯ ಒಬ್ಬ ಬೆಳೆಗಾರರದು ಬೆಳೆ ರಕ್ಷಣೆಗೆಂದು ಅಪ್ಪ ಪಡೆದಿದ್ದ ಒಂಟಿ ನಳಿಕೆ ಕೋವಿ. ಅಪ್ಪ ಹೋದ ಮೇಲೆ ಅಟ್ಟ ಸೇರಿತು. ತೋಟ ಪಾಲಾಗುವಾಗ ಅಣ್ಣ ತಮ್ಮಂದಿರಿಗೆ ಜಗಳವಾಯಿತು. ತಮ್ಮನೇ ಠಾಣೆಗೆ ದೂರು ಕೊಟ್ಟ. ಕೋವಿ ಈಗ ಕೋರ್ಟಿನಲ್ಲಿ ಮುದ್ದೆಮಾಲು, ಅಣ್ಣ ಆರೋಪಿ. ತುಂಬಾ ಒಳ್ಳೆಯ ಮನುಷ್ಯ, ಅಪ್ಪನ ನೆನಪಿಗೆಂದು ಇಟ್ಟುಕೊಂಡವರು. ಆ ಕೋವಿಯಿಂದ ಒಂದು ಗುಂಡೂ ಹಾರಿಸಿದವರಲ್ಲ.

ಅಪ್ಪ ಇನ್ನೂ ಇದ್ದಾರೆ ಎಂದರೆ ನಿಮ್ಮ ಕೆಲಸ ಸುಲಭ. ಅವರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಕೋವಿ ಅವರ ಬಳಿ 25 ವರ್ಷದಿಂದ ಇದ್ದರೆ, ಈಗಲೇ ನಿಮ್ಮ ಹೆಸರಿಗೆ ಮಾಡಿಸಲು 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ದಾರಿ ಇದೆ. ಒಬ್ಬರಿಗೆ ಎರಡೇ ಕೋವಿ ಎಂಬ ಮಿತಿ ಅದಕ್ಕೂ ಅನ್ವಯಿಸುತ್ತದೆ.

ಒಬ್ಬೊಬ್ಬರ ಕಾಗದ ಒಂದೊಂದು ಥರ ಇರುತ್ತದೆ, ಹಾಗಾಗಿ ಇದನ್ನು ಓದಿ ನೇರವಾಗಿ ಅರ್ಜಿ ಹಾಕಬೇಡಿ. ಲೈಸೆನ್ಸ್ ಪುಸ್ತಕ, ಮರಣ ಪತ್ರ, ವಂಶವೃಕ್ಷ, ಅಣ್ಣ ತಮ್ಮ ಅಕ್ಕ ತಂಗಿಯರ ಒಪ್ಪಿಗೆ ಪತ್ರ ಹಿಡಿದು ನಿಮ್ಮ ವಕೀಲರ ಹತ್ತಿರ ಹೋಗಿ. ಕೋವಿಯನ್ನು ಕಾರಿನಲ್ಲಿ ಹಾಕಿಕೊಂಡು ಹೋಗಬೇಡಿ. ಅದನ್ನು ಠಾಣೆಗೆ ಹೇಗೆ ತಲುಪಿಸಬೇಕು ಎಂದು ಅವರೇ ಹೇಳುತ್ತಾರೆ.