ಕಲಬುರಗಿಯ ರಸ್ತೆಯಲ್ಲಿ ಸೈಕಲ್‌ಗೆ ಜಾಗ ಹೋಗಿದ್ದು ಹೇಗೆ?

ಕಲಬುರಗಿಯಲ್ಲಿ ಸೈಕಲ್ ದಾರಿಯ ಮಾತು ತೆಗೆದರೆ ಸಾಕು, "ಈಗ ಸೈಕಲ್ ಹೊಡೆಯೋರು ಯಾರಿದ್ದಾರ್ರೀ" ಅನ್ನುವ ಉತ್ತರ ತಯಾರಿರುತ್ತದೆ. ಬೆಳಿಗ್ಗೆ ಆರಕ್ಕೆ ಹುಮನಾಬಾದ್ ರಸ್ತೆಯಲ್ಲಿ ಕಪನೂರಿನ ಕಡೆ ಹೋಗಿ ನಿಂತು ನೋಡಿ. ಹ್ಯಾಂಡಲ್‌ಗೆ ಬುತ್ತಿ ಚೀಲ ನೇತುಹಾಕಿಕೊಂಡು ಕಾರ್ಖಾನೆಗೆ ಹೋಗುವವರು, ಕ್ಯಾರಿಯರ್‌ಗೆ ಕರಣಿ, ಬಾಂಡ್ಲಿ ಕಟ್ಟಿಕೊಂಡ ಗೌಂಡಿಗಳು, ರಾತ್ರಿ ಪಾಳಿ ಮುಗಿಸಿ ಬರುವ ವಾಚ್‌ಮನ್‌ಗಳು, ಪೇಪರ್ ಹಾಕುವ ಹುಡುಗರು. ಆಫೀಸಿಗೆ ಹೋಗುವವರು ಮನೆಯಿಂದ ಹೊರಡುವ ಹೊತ್ತಿಗೆ ಇವರೆಲ್ಲ ಕೆಲಸಕ್ಕೆ ಸೇರಿಬಿಟ್ಟಿರುತ್ತಾರೆ. ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಲೆಕ್ಕಕ್ಕೂ ಬರುವುದಿಲ್ಲ.

ಹಿಂದೆ ಹೀಗಿರಲಿಲ್ಲ. ನಿಜಾಮರ ಕಾಲದಲ್ಲಿ ಸೈಕಲ್ ಉಳ್ಳವರ ಮನೆಯ ವಸ್ತು. 1950ರ ದಶಕದಲ್ಲಿ ಅಟ್ಲಾಸ್, ಹೀರೋ ಕಂಪನಿಗಳು ನಮ್ಮ ದೇಶದಲ್ಲೇ ಸೈಕಲ್ ಮಾಡಲು ಶುರು ಮಾಡಿದ ಮೇಲೆ ಅದು ಮೇಷ್ಟ್ರು, ಗುಮಾಸ್ತರು, ಊರಿನ ಎಂ.ಎಸ್.ಕೆ. ಬಟ್ಟೆ ಮಿಲ್ಲಿನ ಕಾರ್ಮಿಕರ ಕೈಗೂ ಬಂತು. ಸೈಕಲ್‌ಗೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಬೇಕಿದ್ದ ಕಾಲ ಅದು. ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಸಿಗುತ್ತಿತ್ತು, ಮಕ್ಕಳು ಅದರಲ್ಲೇ ಬಿದ್ದು ಎದ್ದು ಕಲಿಯುತ್ತಿದ್ದರು. ರೈಲ್ವೆ ಸ್ಟೇಷನ್, ಸೂಪರ್ ಮಾರ್ಕೆಟ್, ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾ, ಎಲ್ಲವೂ ಪೆಡಲ್ ತುಳಿದು ಮುಟ್ಟುವಷ್ಟೇ ದೂರ. 1980ರಲ್ಲಿ ವಿಶ್ವವಿದ್ಯಾಲಯ ಆಯಿತು, ಅದೂ ಊರ ಹೊರಗೆ. ಲೂನಾ ಬಂತು, 1985ರಲ್ಲಿ ಹೀರೋ ಹೋಂಡಾ ಬಂತು, ಮಿಲ್ಲು ಮುಚ್ಚಿತು, ರಿಂಗ್ ರಸ್ತೆಯ ಆಚೆಗೂ ಲೇಔಟ್‌ಗಳು ಎದ್ದವು. 2011ರ ಜನಗಣತಿ ಹೊತ್ತಿಗೆ ಊರಿನ ಜನಸಂಖ್ಯೆ ಐದು ಲಕ್ಷ ದಾಟಿತ್ತು.

ಅಲ್ಲಿಗೆ ಸೈಕಲ್ ಕಥೆ ಮುಗಿಯಿತು ಅಂತ ಹಲವರು ಅಂದುಕೊಂಡಿದ್ದಾರೆ. ಇಲ್ಲ, ಮುಗಿಯಲಿಲ್ಲ. ಅದೇ ಜನಗಣತಿ ಪ್ರಕಾರ ದೇಶದ ಶೇ. 45ರಷ್ಟು ಮನೆಗಳಲ್ಲಿ ಸೈಕಲ್ ಇತ್ತು. ಕಾರು, ಜೀಪು ಇದ್ದ ಮನೆಗಳು ಶೇ. 5 ಕೂಡ ಇರಲಿಲ್ಲ.

ಇನ್ನೊಂದು ದೊಡ್ಡ ಬದಲಾವಣೆ ಶುರುವಾಗಿದ್ದು 2006–07ರಲ್ಲಿ. ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಿತು. ಮೊದಲು ಹುಡುಗಿಯರಿಗೆ, ಆಮೇಲೆ ಹುಡುಗರಿಗೂ. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ಹೊಸ ಸೈಕಲ್‌ಗಳು, ಮುಂದೆ ಬುಟ್ಟಿ, ಸೀಟಿಗೆ ಇನ್ನೂ ಪ್ಲಾಸ್ಟಿಕ್ ಸುತ್ತಿರುವುದು. ಮನೆಗೆ ಒಯ್ಯುವ ಮೊದಲು ಸೈಕಲ್ ಶಾಪಿನಲ್ಲಿ ನಟ್ಟು ಬೋಲ್ಟು ಬಿಗಿ ಮಾಡಿಸಿ, ಬ್ರೇಕ್ ಸರಿ ಮಾಡಿಸಬೇಕಿತ್ತು ಅನ್ನುವ ದೂರು ಇದ್ದೇ ಇತ್ತು. ಆದರೂ ಆಳಂದ, ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಹುಡುಗಿಯರು ಗುಂಪಾಗಿ ಪಕ್ಕದೂರಿನ ಹೈಸ್ಕೂಲಿಗೆ ಸೈಕಲ್ ಮೇಲೆ ಹೋಗುವುದು ದಿನದ ನೋಟವಾಯಿತು. ಅವರ ತಾಯಂದಿರ ಕಾಲದಲ್ಲಿ ಅದನ್ನು ಊಹಿಸುವುದಕ್ಕೂ ಆಗುತ್ತಿರಲಿಲ್ಲ. ಬಿಹಾರದಲ್ಲೂ ಅದೇ 2006ರಲ್ಲಿ ಇಂಥದ್ದೇ ಯೋಜನೆ ಬಂತು. ಅದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಸುಮಾರು ಶೇ. 30ರಷ್ಟು ಏರಿದ್ದನ್ನು ಕಂಡರು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಟ್ಟ ಯೋಜನೆ ಜಾಸ್ತಿ ಸಿಗುವುದಿಲ್ಲ. ನಮ್ಮಲ್ಲಿ ಕೋವಿಡ್ ಕಾಲದಲ್ಲಿ ಈ ಸೈಕಲ್ ವಿತರಣೆ ನಿಂತುಹೋಯಿತು.

ಹಳ್ಳಿಯಲ್ಲಿ ಹಾಗೆ ಉಪಯೋಗಕ್ಕೆ ಬಂದ ಸೈಕಲ್ ಕಲಬುರಗಿ ನಗರದೊಳಗೆ ಗೋಡೆಗೆ ಒರಗಿ ನಿಂತಿತು. ಮಕ್ಕಳ ಕೈಗೆ ಸೈಕಲ್ ಬಂದ ವರ್ಷಗಳಲ್ಲೇ ನಗರದ ರಸ್ತೆಗಳು ಬೇರೆ ರೂಪಕ್ಕೆ ತಿರುಗುತ್ತಿದ್ದವು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ತಿದ್ದುಪಡಿಯ ನಂತರ ಈ ಭಾಗಕ್ಕೆ ಅನುದಾನ ಜಾಸ್ತಿಯಾಯಿತು, ರಸ್ತೆ ಕೆಲಸಗಳೂ ಜೋರಾದವು. ಬೇಕಾಗಿದ್ದ ಕೆಲಸವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಸಿಮೆಂಟ್ ರಸ್ತೆಯ ಅಂಚನ್ನು ಒಮ್ಮೆ ಬಗ್ಗಿ ನೋಡಿ. ಎಷ್ಟೋ ಕಡೆ ಕಾಂಕ್ರೀಟು ಮುಗಿದ ತಕ್ಷಣ ನಾಲ್ಕು ಬೆರಳು ಕೆಳಗೆ ಮಣ್ಣು, ಅದರಾಚೆ ಚರಂಡಿ. ಹಿಂದಿನಿಂದ ಟಂಟಂ ಆಟೋ ಹಾರ್ನ್ ಹೊಡೆದಾಗ ಸೈಕಲ್‌ನವನು ಇಳಿಯಬೇಕಾದದ್ದು ಆ ಮಣ್ಣಿಗೇ. ಇಳಿಯಬಹುದು, ಮತ್ತೆ ಹತ್ತುವಾಗ ಚಕ್ರ ಅಂಚಿಗೆ ಉಜ್ಜಿ ಜಾರುತ್ತದೆ, ಬಿದ್ದರೆ ಹಿಂದೆ ಬರುವ ಗಾಡಿಯ ಮುಂದೆಯೇ ಬೀಳುತ್ತಾನೆ. ನಡುವೆ ಉದ್ದಕ್ಕೂ ಡಿವೈಡರ್ ಇದ್ದರೆ ಎದುರಿನ ಓಣಿಗೆ ಹೋಗಲು ದೂರದ ತಿರುವಿನವರೆಗೆ ಹೋಗಿ ಬರಬೇಕು. ಬೈಕಿನವನಿಗೆ ಅದು ಎರಡು ನಿಮಿಷ. ಏಪ್ರಿಲ್, ಮೇನಲ್ಲಿ 42–43 ಡಿಗ್ರಿ ಬಿಸಿಲಿನಲ್ಲಿ ತುಳಿಯುವವನಿಗೆ? ಹಾಗಾಗಿ ಆತ ರಾಂಗ್ ಸೈಡಿನಲ್ಲಿ ಬರುತ್ತಾನೆ, ಬೈಸಿಕೊಳ್ಳುತ್ತಾನೆ. ರಸ್ತೆ ಅಗಲ ಮಾಡುವಾಗ ಬದಿಯ ಬೇವಿನ ಮರಗಳು ಹೋದ ಕಡೆ ನೆರಳೂ ಇಲ್ಲ.

ಇಂಥ ರಸ್ತೆ ದಾಟಿಸಿ ಮಗಳನ್ನು ಸೈಕಲ್ ಮೇಲೆ ಕಳಿಸಲು ತಂದೆ ತಾಯಿಗೆ ಧೈರ್ಯ ಬರುವುದಿಲ್ಲ. ಆಟೋ ಗೊತ್ತು ಮಾಡುತ್ತಾರೆ, ಕೈಯಲ್ಲಿ ಸ್ವಲ್ಪ ಕಾಸು ಕೂಡಿದರೆ ಸ್ಕೂಟಿ ಕೊಡಿಸುತ್ತಾರೆ. ಅದರಿಂದ ಶಾಲೆಯ ಮುಂದೆ ಗದ್ದಲ ಇನ್ನೂ ಹೆಚ್ಚುತ್ತದೆ, ಉಳಿದ ನಾಲ್ಕು ಸೈಕಲ್‌ಗಳೂ ಹಿಂದೆ ಸರಿಯುತ್ತವೆ.

ಇದಕ್ಕೆ ಯಾರೋ ಒಬ್ಬರು ಕಾರಣ ಅಂತ ಬೆರಳು ತೋರಿಸಲು ಬರುವುದಿಲ್ಲ. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ರಸ್ತೆ ಇರುವುದು ಜನ ಓಡಾಡುವುದಕ್ಕೆ, ಬರೀ ವಾಹನಗಳಿಗಲ್ಲ ಎಂದು ಹೇಳಿತು. ಅದಕ್ಕೂ ಬಹಳ ಹಿಂದೆ, 1962ರಲ್ಲೇ, ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೈಕಲ್ ದಾರಿಗೆ ಮಾನದಂಡ ಬರೆದಿತ್ತು: ಗಂಟೆಗೆ 200ಕ್ಕಿಂತ ಜಾಸ್ತಿ ಮೋಟಾರು ವಾಹನ ಓಡುವ ರಸ್ತೆಯಲ್ಲಿ ಗಂಟೆಗೆ 100 ಸೈಕಲ್ ಬಂದರೂ ಸಾಕು, ಬೇರೆ ದಾರಿ ಮಾಡಬಹುದು. ಅಗಲ ಕನಿಷ್ಠ 2 ಮೀಟರ್. ಇವತ್ತು ಜಗತ್ ವೃತ್ತದಲ್ಲಿ ಮಧ್ಯಾಹ್ನ ನಿಂತು ಎಣಿಸಿದರೆ 100 ಸೈಕಲ್ ಸಿಗಲಿಕ್ಕಿಲ್ಲ. ಭಯಕ್ಕೆ ಬಿಟ್ಟವರನ್ನು ಬಿಟ್ಟು ಎಣಿಸಿದರೆ ಸಿಗುವುದಾದರೂ ಹೇಗೆ? ಎಣಿಸುವುದಾದರೆ ಕಪನೂರಿನ ಪಾಳಿ ಬದಲಾಗುವ ಹೊತ್ತಿಗೆ ಎಣಿಸಬೇಕು, ಸರ್ಕಾರಿ ಶಾಲೆಗಳು ಬಿಡುವ ಹೊತ್ತಿಗೆ ಎಣಿಸಬೇಕು. ಹೊಸ ರಸ್ತೆಯ ಅಂದಾಜು ಪಟ್ಟಿ ತಯಾರಾಗುವಾಗಲೇ ಆ ಲೆಕ್ಕ ಮೇಜಿನ ಮೇಲಿರಬೇಕು. ಕಾಂಕ್ರೀಟು ಬಿದ್ದ ಮೇಲೆ ಆ ರಸ್ತೆ ಮತ್ತೆ ಒಡೆಯುವುದು ಹತ್ತಾರು ವರ್ಷದ ನಂತರವೇ.