ಮೈಕ್ ಕೊಳ್ಳುವ ಮೊದಲು ಕೋಣೆ ನೋಡಿ

ಮನೆಯ ಕಂಪ್ಯೂಟರಿನಲ್ಲಿ ಧ್ವನಿಮುದ್ರಣಕ್ಕೆ ಹೊರಟವರು ಮೊದಲು ಕೇಳುವುದು, ‘ಯಾವ ಮೈಕ್ ಕೊಳ್ಳಲಿ?’ ಎಂದು. ನಾನು ತಿರುಗಿ ಕೇಳುವುದು, ‘ಯಾವ ಕೋಣೆಯಲ್ಲಿ ಕೂರುತ್ತೀರಿ?’ ಫ್ಯಾನಿನ ಸದ್ದನ್ನು ಆಮೇಲೆ ತಕ್ಕಮಟ್ಟಿಗೆ ತೆಗೆಯಬಹುದು. ಬರಿಗೋಡೆಗೆ ಬಡಿದು ಮರಳಿ ಬಂದ ನಿಮ್ಮದೇ ಮಾತನ್ನು ಬಿಡಿಸುವುದು ಬಲು ಕಷ್ಟ. ಅದು ಮಾತಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದಿಟ್ಟು, ಅದಕ್ಕೆ ಬೆನ್ನು ಮಾಡಿ ಕುಳಿತುಕೊಳ್ಳಿ. ಮೈಕ್ ನಿಮ್ಮತ್ತ ಮುಖ ಮಾಡಿರುವುದರಿಂದ ನಿಮ್ಮ ಹಿಂದಿನ ಗೋಡೆಯೇ ಅದಕ್ಕೆ ಹೆಚ್ಚು ಕೇಳಿಸುತ್ತದೆ.

ಬಾಯಿಗೂ ಮೈಕಿಗೂ ಸುಮಾರು ಒಂದು ಗೇಣು ಅಂತರವಿರಲಿ. ಮೈಕನ್ನು ತುಸು ಪಕ್ಕಕ್ಕೆ ಸರಿಸಿದರೆ ಪ, ಫ, ಭ ಅಕ್ಷರಗಳ ಗಾಳಿ ನೇರವಾಗಿ ಅದಕ್ಕೆ ಬಡಿಯುವುದಿಲ್ಲ. ತಂತ್ರಾಂಶದ ಧ್ವನಿಮಾಪಕದಲ್ಲಿ ಧ್ವನಿಯ ಶಿಖರಗಳು, ಅಂದರೆ ಅತಿ ಜೋರಾದ ಕ್ಷಣಗಳು, ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲಬೇಕು. ಮಾಪಕದ ಮೇಲ್ತುದಿಯಾದ ಸೊನ್ನೆಯನ್ನು ಮುಟ್ಟಿ ತಲೆ ಚಪ್ಪಟೆಯಾದ ಧ್ವನಿಯ ಅಲೆಯನ್ನು ಸರಿಪಡಿಸುತ್ತೇನೆಂದು ಹೇಳುವ ತಂತ್ರಾಂಶಗಳ ಮೇಲೆ ನನಗೆ ನಂಬಿಕೆ ಕಡಿಮೆ. ಮೂಲ ಕಡತ ದನಿಯನ್ನು ಹಿಂಡದೆ ಉಳಿಸುವ ವೇವ್ ರೂಪದಲ್ಲಿರಲಿ. ದನಿಯ ಒಂದಿಷ್ಟನ್ನು ಬಿಟ್ಟು ಕಡತವನ್ನು ಕಿರಿದಾಗಿಸುವ ಎಂಪಿ3 ಎಲ್ಲ ಮುಗಿದ ಮೇಲೆ, ಒಂದೇ ಸಲ.

ರೆಕಾರ್ಡ್ ಒತ್ತಿದ ಮೇಲೆ ಹತ್ತು ಸೆಕೆಂಡು ಸುಮ್ಮನಿರಿ. ಒಡಾಸಿಟಿಯಂಥ ಉಚಿತ ತಂತ್ರಾಂಶಕ್ಕೆ ಕೋಣೆಯ ಗದ್ದಲದ ಮಾದರಿ ಸಿಗುವುದು ಅಲ್ಲಿಂದಲೇ. ಗದ್ದಲವನ್ನು 12 ಡೆಸಿಬೆಲ್‌ಗಿಂತ ಹೆಚ್ಚು ಇಳಿಸಲು ಹೋದರೆ ದನಿ ನೀರಿನಡಿಯಿಂದ ಬಂದಂತೆ ಗುಳುಗುಳು ಎನ್ನತೊಡಗುತ್ತದೆ. ಓದುವಾಗ ತಪ್ಪಿದರೆ ನಿಲ್ಲಿಸಬೇಡಿ. ಒಂದು ಚಪ್ಪಾಳೆ ತಟ್ಟಿ ಆ ವಾಕ್ಯವನ್ನು ಮೊದಲಿನಿಂದ ಹೇಳಿ. ಸಂಕಲನಕ್ಕೆ ಕುಳಿತಾಗ ಆ ಚೂಪು ಗೆರೆ ಪರದೆಯ ಮೇಲೆ ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಕತ್ತರಿ ಹಾಕುವ ಕೆಲಸದಲ್ಲಿ ಕನ್ನಡಕ್ಕೆ ತನ್ನದೇ ಒಂದು ತೊಡಕಿದೆ. ‘ಹತ್ತು’ ಎಂಬ ಪದವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿ. ‘ಹ’ ಮುಗಿದ ಮೇಲೆ ಅಲೆ ಬಹುತೇಕ ಇಲ್ಲವಾಗಿ, ನಂತರ ‘ತು’ ಸಿಡಿಯುತ್ತದೆ. ನಾಲಿಗೆ ಹಲ್ಲಿಗೆ ಒತ್ತಿಕೊಂಡ ಆ ಗಳಿಗೆ ಖಾಲಿ ಜಾಗವಲ್ಲ, ಒತ್ತಕ್ಷರವೇ ಅದು. ಹೊಸಬರು ಅದನ್ನು ವಿರಾಮವೆಂದು ಬಗೆದು ಕತ್ತರಿಸಿ ‘ಹತು’ ಮಾಡಿಬಿಡುತ್ತಾರೆ. ಮೌನವನ್ನು ತಾನಾಗಿ ಮೊಟಕುಗೊಳಿಸುವ ಸೌಲಭ್ಯವನ್ನು ತೀರಾ ಬಿಗಿಯಾಗಿ ಹೊಂದಿಸಿದರೂ ಇದೇ ಗತಿ. ಆದರೆ ಒಂದೇ ವಾಕ್ಯದ ಎರಡು ಓದುಗಳನ್ನು ಪದದ ನಡುವೆಯೇ ಬೆಸೆಯಬೇಕಾಗಿ ಬಂದರೆ ಒತ್ತಕ್ಷರದ ಆ ಮೌನಕ್ಕಿಂತ ಒಳ್ಳೆಯ ಜಾಗವಿಲ್ಲ: ಸಿಡಿತದ ತುಸು ಮುಂಚೆ ಕತ್ತರಿಸಿ, ಮೌನದ ಅಳತೆಯನ್ನು ಹಾಗೆಯೇ ಉಳಿಸಿ ಜೋಡಿಸಿದರೆ ಬೆಸುಗೆ ಗೊತ್ತಾಗುವುದಿಲ್ಲ.

ಉಸಿರುಗಳನ್ನೆಲ್ಲ ಅಳಿಸುವ ಹುಮ್ಮಸ್ಸೂ ಬೇಡ. ಉಸಿರೇ ಇಲ್ಲದ ಓದನ್ನು ಕೇಳುತ್ತಿದ್ದರೆ ಕೇಳುಗರಿಗೇ ಏದುಸಿರು ಬರುತ್ತದೆ. ಜೋರಾದವನ್ನು ಆರೇಳು ಡೆಸಿಬೆಲ್ ತಗ್ಗಿಸಿದರೆ ಸಾಕು. ಅಳಿಸಲೇಬೇಕಾದ ಕಡೆ ಪೂರ್ತಿ ನಿಶ್ಶಬ್ದ ತುಂಬಬೇಡಿ, ಹೆಡ್‌ಫೋನಿನಲ್ಲಿ ಅದು ಗುಂಡಿಯಂತೆ ಕೇಳಿಸುತ್ತದೆ. ಮೊದಲ ಹತ್ತು ಸೆಕೆಂಡಿನ ಕೋಣೆಯ ಸದ್ದಿನಿಂದ ಒಂದು ತುಣುಕನ್ನು ಅಲ್ಲಿ ಹಾಕಿ.